ಲಾವೋಸ್‌ಗೆ ಹೊರಟ ಗೆಳೆಯರಿಗೆ ನಾಲ್ಕು ಮಾತು, ಜೊತೆಗೆ ಒಂದು ಲೋಟದ ಕತೆ



ನಮ್ಮ ಸಂಘಟನೆಯ ಏಳು ಜನ ಮುಂದಿನ ತಿಂಗಳು ಲಾವೋಸ್‌ಗೆ ಹೊರಟಿದ್ದಾರೆ. ಬೌದ್ಧ ದೇಶವೊಂದನ್ನು ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಚೀಟಿ ಹಾಕಿ ದುಡ್ಡು ಕೂಡಿಸಿಕೊಂಡಿದ್ದಾರೆ. ಎರಡು ವರ್ಷದ ಹಿಂದೆ ನಾನು ಅಲ್ಲಿನ ನೇಯ್ಗೆ ಹೆಣ್ಣುಮಕ್ಕಳ ಕೆಲಸ ನೋಡೋಕೆ ಅಂತ ಹೋಗಿ ಹದಿನೆಂಟು ದಿನ ಇದ್ದು ಬಂದಿದ್ದೆ. ಹಾಗಾಗಿ ಕೇಳಿದ್ರು: "ಅಕ್ಕ, ಅಲ್ಲಿ ಹೇಗಿರಬೇಕು, ಏನು ಮಾಡಬಾರದು, ಒಂದು ಪಟ್ಟಿ ಬರೆದುಕೊಡಿ."

ಬರೆಯೋಕೆ ಕೂತೆ. "ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡಿ" ಅಂತ ಮೊದಲ ಸಾಲು ಬರೆದೆ. ಅಲ್ಲೇ ಕೈ ನಿಂತುಹೋಯ್ತು.

ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಜ್ಜಿ ಊರೊಳಗಿನ ಬೀದಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೀತಿದ್ದಳು. ಬಿಸಿಲಿಗೆ ಮಣ್ಣು ಕಾದು ಕೆಂಡ ಆಗಿದ್ರೂ ಅಷ್ಟೇ. ಅದನ್ನ ಊರಲ್ಲಿ ಯಾರೂ ಶಿಕ್ಷೆ ಅಂತಿರಲಿಲ್ಲ, "ಮರ್ಯಾದೆ" ಅಂತಿದ್ರು. ಜಗಲಿ ಹತ್ತದೇ ಇರೋದು ಮರ್ಯಾದೆ. ಮೇಲಿಂದ ಹುಯ್ದ ನೀರನ್ನ ಬೊಗಸೆಯಲ್ಲಿ ಕುಡಿಯೋದು ಮರ್ಯಾದೆ. "ಬುದ್ಧೀ" ಅಂತ ಬಗ್ಗಿ ಮಾತಾಡೋದು ಮರ್ಯಾದೆ. ಅಂಗೈಯಗಲದ ಹುಡುಗ ಬಂದು ಅಜ್ಜಿಯನ್ನ "ಏ ಬಾರೇ ಇಲ್ಲಿ" ಅಂದ್ರೂ ನಕ್ಕು ಹೋಗೋದು ಮರ್ಯಾದೆ. ಯಾವುದನ್ನಾದ್ರೂ ಒಂದು ದಿನ ತಪ್ಪಿದರೆ "ಇವಕ್ಕೆ ರೀತಿ ನೀತಿ ಗೊತ್ತಿಲ್ಲ" ಅನ್ನೋರು.

ಹಾಗಾಗಿ ರೀತಿ ನೀತಿ ಅನ್ನೋ ಮಾತು ಕೇಳಿದರೇ ನಮ್ಮ ಮೈ ಬಿಗಿಯುತ್ತೆ. ಆದರೆ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಏನು ಹೇಳಿದ್ದಾರೆ ನೆನಪು ಮಾಡಿಕೊಳ್ಳಿ. ಪ್ರಜಾಪ್ರಭುತ್ವವನ್ನು ಅವರು ಬರೀ ಸರ್ಕಾರ ನಡೆಸೋ ವಿಧಾನ ಅಂತ ನೋಡಲಿಲ್ಲ. ಪಕ್ಕದ ಮನುಷ್ಯನನ್ನ ಗೌರವದಿಂದ ಕಾಣುವ ಸ್ವಭಾವ ಅಂತ ನೋಡಿದರು. ಅಂದಮೇಲೆ ನಡವಳಿಕೆ ಅನ್ನೋದು ನಮ್ಮ ವಿಷಯವೂ ಹೌದು. ಅದನ್ನ ಮೇಲ್ಜಾತಿಯವರ ಕೈಗೆ ಬಿಟ್ಟುಕೊಡಬಾರದು. ಲಾವೋಸ್‌ನ ನಡವಳಿಕೆಗಳನ್ನ ನಾನು ಈ ಕಣ್ಣಿಂದಲೇ ನೋಡಿದೆ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿಕೊಂಡೆ. ಈ ನಿಯಮ ಎಲ್ಲರಿಗೂ ಒಂದೇನಾ? ಇದರ ಕೆಳಗಿರೋರಿಗೆ ಒಂದಲ್ಲ ಒಂದು ದಿನ ಮೇಲೆ ಬರೋ ದಾರಿ ಇದೆಯಾ? ನೀವೂ ಹೀಗೇ ನೋಡಿ ಅಂತ ಈ ಬರಹ.

ಚಪ್ಪಲಿಯಿಂದಲೇ ಶುರು ಮಾಡೋಣ. ಅಲ್ಲಿ ಮನೆ, ವಾಟ್ (ನಮ್ಮ ವಿಹಾರ), ಎಷ್ಟೋ ಅಂಗಡಿ, ಕಚೇರಿಗಳ ಒಳಕ್ಕೂ ಚಪ್ಪಲಿ ಬಿಟ್ಟೇ ಹೋಗೋದು. ನಾನು ಉಳಿದಿದ್ದ ಮನೆಯ ಮೆಟ್ಟಿಲ ಬುಡದಲ್ಲಿ ಒಂದು ದಿನ ನಿಂತು ನೋಡಿದೆ. ಅಧಿಕಾರಿಯೊಬ್ಬರ ಪಾಲಿಶ್ ಮಾಡಿದ ಶೂ, ಗದ್ದೆಯಿಂದ ಬಂದ ಹೆಂಗಸಿನ ಕೆಸರು ಮೆತ್ತಿದ ಹವಾಯಿ, ನನ್ನ ಸ್ಯಾಂಡಲ್, ಎಲ್ಲಾ ಒಂದರ ಪಕ್ಕ ಒಂದು. ಯಾರೂ ಚಪ್ಪಲಿಯನ್ನ ಕೈಯಲ್ಲಿ ಹಿಡಿದು ಬೀದಿ ದಾಟಲಿಲ್ಲ. ಬಿಟ್ಟರು, ಒಳಗೆ ಬಂದರು, ಒಂದೇ ಚಾಪೆ ಮೇಲೆ ಕೂತರು. ಅವತ್ತು ನನ್ನ ಕೈಯೂ ಸಡಿಲ ಆಯ್ತು. ಪಟ್ಟಿಯ ಮೊದಲ ಸಾಲು ಅದೇ ಇರಲಿ: ಚಪ್ಪಲಿ ಬಿಡಿ, ಧೈರ್ಯವಾಗಿ ಒಳಗೆ ಹೋಗಿ.

ಎರಡನೆಯದು ತಲೆ ಮತ್ತು ಪಾದ. ಅವರಿಗೆ ತಲೆ ಬಹಳ ಪವಿತ್ರ, ಪಾದ ಕೀಳು. ಯಾರ ತಲೆಯನ್ನೂ ಮುಟ್ಟಬೇಡಿ. ಮಗು ಮುದ್ದಾಗಿದೆ ಅಂತ ನಮ್ಮ ಅಭ್ಯಾಸದಂತೆ ತಲೆ ಸವರೋಕೆ ಹೋಗಬೇಡಿ. ಪಾದವನ್ನ ಬುದ್ಧನ ಮೂರ್ತಿ ಕಡೆಗೋ ಮನುಷ್ಯರ ಕಡೆಗೋ ಚಾಚಿ ಕೂರಬೇಡಿ, ಮಡಚಿ ಪಕ್ಕಕ್ಕೆ ಇಟ್ಟುಕೊಳ್ಳಿ. ಕೂತವರನ್ನಾಗಲಿ, ನೆಲದ ಮೇಲಿಟ್ಟ ಊಟವನ್ನಾಗಲಿ ದಾಟಬೇಡಿ. ಹಿರಿಯರು ಕೂತಿರುವಾಗ ಮುಂದೆ ಹಾಯಬೇಕಾದರೆ ಸ್ವಲ್ಪ ಬಗ್ಗಿ ಹೋಗಿ.

ಇದನ್ನ ಕೇಳಿದಾಗ ನನಗೆ ಮೊದಲು ನೆನಪಾದದ್ದು ಪುರುಷಸೂಕ್ತ. ಬಾಯಿಂದ ಬ್ರಾಹ್ಮಣ, ಪಾದದಿಂದ ಶೂದ್ರ. ನಾವಂತೂ ಆ ಮೈಯಲ್ಲೇ ಇಲ್ಲ. ಆದರೆ ಲಾವೋಸ್‌ನ ಈ ಲೆಕ್ಕದಲ್ಲಿ ತಲೆ, ಪಾದ ಎರಡೂ ಪ್ರತಿಯೊಬ್ಬರ ಮೈಯಲ್ಲೂ ಇವೆ. ಕೂಲಿಯವನ ತಲೆಯೂ ಪವಿತ್ರ, ಮಂತ್ರಿಯ ಪಾದವೂ ಕೀಳು. ಬಗ್ಗೋದು ಕೂಡ ವಯಸ್ಸಿಗೆ. ಇವತ್ತು ಬಗ್ಗುವ ಹುಡುಗಿಯ ಮುಂದೆ ನಾಳೆ ಇನ್ನೊಂದು ಹುಡುಗಿ ಬಗ್ಗುತ್ತಾಳೆ. ನಮ್ಮಜ್ಜಿಗೆ ಎಂಬತ್ತು ತುಂಬಿದರೂ ಊರಲ್ಲಿ ಆ ದಿನ ಬರಲೇ ಇಲ್ಲ.

ಮಾತಿಗೆ ಬರೋಣ. ಎದುರಾದವರಿಗೆ "ಸಬಾಯ್‌ದೀ" ಅನ್ನಿ, ನಗುತ್ತಾ ಅನ್ನಿ. ಕೈ ಮುಗಿಯೋದಕ್ಕೆ "ನೊಪ್" ಅಂತಾರೆ. ಓರಗೆಯವರಿಗೆ ಎದೆಯ ಹತ್ತಿರ, ಹಿರಿಯರಿಗೆ ಮುಖದ ಮಟ್ಟ, ಭಿಕ್ಕುಗಳಿಗೆ ಅದಕ್ಕೂ ಮೇಲೆ. ಕಿರಿಯರು ಮೊದಲು ಮುಗಿಯಬೇಕು, ದೊಡ್ಡವರು ತಿರುಗಿ ಮುಗೀತಾರೆ. "ಖೋಪ್ ಚಾಯ್" ಅಂದ್ರೆ ಥ್ಯಾಂಕ್ಸ್. "ಬೊ ಪೆನ್ ಞಂಗ್" ಅಂದ್ರೆ ಪರವಾಗಿಲ್ಲ ಬಿಡಿ. ದಿನಕ್ಕೆ ನೂರು ಸಲ ಕೇಳಿಸುತ್ತೆ.

ಪರಿಚಯ ಆದ ತಕ್ಷಣ ನಿಮ್ಮ ವಯಸ್ಸು ಕೇಳ್ತಾರೆ. ಬೇಜಾರು ಮಾಡಿಕೋಬೇಡಿ. ನಿಮ್ಮನ್ನ ಏನಂತ ಕರೀಬೇಕು ಅಂತ ತಿಳಿಯೋಕೆ ಕೇಳೋದು. ಅಣ್ಣನಿಗೆ "ಆಯ್", ಅಕ್ಕನಿಗೆ "ಉವಾಯ್", ತಮ್ಮ ತಂಗಿಗೆ "ನೋಂಗ್", ಮಾವನ ವಯಸ್ಸಿನವರಿಗೆ "ಲುಂಗ್", ತಾಯಿ ವಯಸ್ಸಿನವರಿಗೆ "ಮೇ". ತರಕಾರಿ ಮಾರೋಳು, ಡ್ರೈವರ್, ಹೋಟೆಲಲ್ಲಿ ತಟ್ಟೆ ಎತ್ತೋಳು, ಎಲ್ಲರಿಗೂ ಇದೇ ಲೆಕ್ಕ. ನಮ್ಮಲ್ಲೂ ಅಣ್ಣ, ಅಕ್ಕ, ಅಮ್ಮ ಇಲ್ವಾ ಅಂತೀರಿ. ಇದೆ. ಆದರೆ ನಮ್ಮಲ್ಲಿ ಆ ಪದ ಬಾಯಿಗೆ ಬರೋ ಮೊದಲು ಇನ್ನೊಂದು ಪ್ರಶ್ನೆ ಬಂದಿರುತ್ತೆ: "ನೀವು ಯಾವ ಪೈಕಿ?" ನನಗೆ ಆ ಹದಿನೆಂಟು ದಿನದಲ್ಲಿ ವಯಸ್ಸು ಎಷ್ಟು, ಮಕ್ಕಳೆಷ್ಟು, ಊಟ ಆಯ್ತಾ ಅಂತ ಕೇಳಿದರು. ನನ್ನ ಹೆಸರಿನ ಹಿಂದೆ ಮುಂದೆ ಏನಿದೆ ಅಂತ ಯಾರೂ ಹುಡುಕಲಿಲ್ಲ.

ಹಾಂ, ಊಟ ಆಯ್ತಾ. ಇದು ಅಲ್ಲಿಯೂ ದಿನನಿತ್ಯದ ಮಾತು. "ಕಿನ್ ಖಾವ್ ಲೇವ್ ಬೊ?" ಅಂತಾರೆ, ಅಕ್ಷರಶಃ "ಅನ್ನ ಉಂಡಾಯ್ತಾ?" ಅಂತ. ನಮ್ಮೂರಲ್ಲೂ ಈ ಮಾತನ್ನ ಜಗಲಿ ಮೇಲಿಂದ ನಮ್ಮಪ್ಪನಿಗೆ ಕೇಳ್ತಿದ್ರು. ಆದರೆ ಅದಾದಮೇಲೆ ಬರಬೇಕಾದ "ಬಾ, ಉಣ್ಣು" ಯಾವತ್ತೂ ಬರಲಿಲ್ಲ. ಲಾವೋಸ್‌ನಲ್ಲಿ ಉಣ್ಣುತ್ತಾ ಕೂತವರು ದಾರಿಯಲ್ಲಿ ಹೋಗೋರನ್ನ "ಮಾ ಕಿನ್ ಖಾವ್", ಬನ್ನಿ ಉಣ್ಣಿ ಅಂತ ಕೂಗಿ ಕರೀತಾರೆ. ಹಸಿವಿಲ್ಲದಿದ್ದರೆ ನಕ್ಕು "ಇಮ್ ಲೇವ್", ಹೊಟ್ಟೆ ತುಂಬಿದೆ ಅಂದರೆ ಸಾಕು. ಕೂತು ಒಂದು ತುತ್ತು ತಿಂದರೆ ಇನ್ನೂ ಸಂತೋಷ.

ಊಟ ಅಂದರೆ ಅಂಟನ್ನ, "ಖಾವ್ ನಿಯಾವ್". ಹಬೆಯಲ್ಲಿ ಬೇಯಿಸಿ ಬಿದಿರಿನ ಬುಟ್ಟಿಯಲ್ಲಿ ಇಡ್ತಾರೆ, ಬುಟ್ಟಿಗೆ "ತಿಪ್ ಖಾವ್" ಅಂತ ಹೆಸರು. ಎಲ್ಲರೂ ನೆಲದ ಮೇಲೆ ಸುತ್ತ ಕೂತು ಬುಟ್ಟಿಗೆ ಕೈ ಹಾಕಿ ಸ್ವಲ್ಪ ಕಿತ್ತುಕೊಂಡು, ಬೆರಳಲ್ಲಿ ಉಂಡೆ ಮಾಡಿ, "ಜೇವ್" ಅನ್ನೋ ಖಾರದ ಚಟ್ನಿಗೋ ಮಧ್ಯದಲ್ಲಿಟ್ಟ ಪಲ್ಯಕ್ಕೋ ಅದ್ದಿ ತಿಂತಾರೆ. ಮೊದಲ ತುತ್ತು ಹಿರಿಯರದ್ದು, ಕಾಯಿರಿ. ದೊಡ್ಡ ಮುದ್ದೆ ಕೀಳಬೇಡಿ, ಚಿಕ್ಕದಾಗಿ ತಗೊಳ್ಳಿ. ಊಟ ಮುಗಿದಮೇಲೆ ಬುಟ್ಟಿಯ ಮುಚ್ಚಳ ಮುಚ್ಚಿ, ತೆರೆದು ಬಿಟ್ಟರೆ ಕೆಡುಕು ಅಂತ ನಂಬ್ತಾರೆ. "ಪಾ ದೇಕ್" ಅಂತ ಹುದುಗಿಸಿದ ಮೀನು ಅಡುಗೆಯಲ್ಲಿ ಇರುತ್ತೆ, ವಾಸನೆ ಜೋರು. ಮೂಗು ಮುಚ್ಚಬೇಡಿ. ನಮ್ಮ ಹಾಸ್ಟೆಲ್ಲಲ್ಲಿ ಒಣಮೀನಿನ ಡಬ್ಬಿ ತೆಗೆದಾಗ ಪಕ್ಕದವರು ಮುಖ ತಿರುಗಿಸಿದ್ದು ನನಗೆ ಇನ್ನೂ ಮರೆತಿಲ್ಲ. ಅದೇ ಮುಖವನ್ನ ನಾವು ಇನ್ನೊಬ್ಬರ ಅಡುಗೆಗೆ ತೋರಿಸಬಾರದು. ತಿನ್ನೋಕೆ ಆಗದಿದ್ದರೆ ಪಕ್ಕದ ಬಟ್ಟಲಿಗೆ ಕೈ ಹಾಕಿ, ಅಷ್ಟೇ.

ಈಗ ಲೋಟದ ಕತೆ. ಲುವಾಂಗ್ ಪ್ರಬಾಂಗ್ ಹತ್ತಿರದ ಒಂದು ಹಳ್ಳಿ. ಸಂಜೆ, ಮಗ್ಗ ನಿಲ್ಲಿಸಿ ಎಲ್ಲರೂ ಅಂಗಳದಲ್ಲಿ ಕೂತಿದ್ರು. ಮನೆಯೊಡತಿ, ಅವರ ಸೊಸೆ, ನಿವೃತ್ತ ಮೇಷ್ಟ್ರು ಒಬ್ಬರು, ನಮ್ಮ ವ್ಯಾನಿನ ಡ್ರೈವರ್, ಐಸ್ ತಂದುಕೊಟ್ಟ ಹುಡುಗ, ನಾನು. ಬಿಯರ್ ಬಾಟಲಿ ಬಂತು. ಲೋಟ ಬಂದದ್ದು ಒಂದೇ. ಮರೆತಿದ್ದಾರೇನೋ ಅಂದುಕೊಂಡೆ. ಮನೆಯೊಡತಿ ಐಸ್ ಹಾಕಿ ಬಿಯರ್ ಬಗ್ಗಿಸಿ ತಾವು ಕುಡಿದರು. ಅದೇ ಲೋಟಕ್ಕೆ ಮತ್ತೆ ಬಗ್ಗಿಸಿ ಮೇಷ್ಟ್ರಿಗೆ ಕೊಟ್ಟರು. ಅವರು ಕುಡಿದು ಲೋಟ ವಾಪಸ್ ಕೊಟ್ಟರು. ಮತ್ತೆ ಬಗ್ಗಿಸಿ ಡ್ರೈವರ್‌ಗೆ. ಅಲ್ಲಿನ ಪದ್ಧತಿಯೇ ಅದು, ಕೂಟದಲ್ಲಿ ಒಂದೇ ಲೋಟ ಸುತ್ತುತ್ತೆ.

ನಾನು ಕುಡಿಯಲ್ಲ. ಸಾರಾಯಿ ವಿರುದ್ಧ ಬೀದಿಗಿಳಿದವಳು. ಕೈ ಸನ್ನೆಯಲ್ಲಿ ಬೇಡ ಅಂದೆ. ಆಯಮ್ಮ ಒತ್ತಾಯ ಮಾಡಲಿಲ್ಲ. "ಬೊ ಪೆನ್ ಞಂಗ್" ಅಂದು ಅದೇ ಲೋಟಕ್ಕೆ ನೀರು ಬಗ್ಗಿಸಿ ನನ್ನ ಕೈಗೆ ಕೊಟ್ಟರು. ನಾನು ಕುಡಿದೆ. ಲೋಟ ಖಾಲಿ ಆಯ್ತು. ಏನು ಮಾಡಿದೆ ಗೊತ್ತಾ? ಎದ್ದು ನಿಂತೆ. ತೊಳೆಯೋಕೆ ನಲ್ಲಿ ಎಲ್ಲಿದೆ ಅಂತ ಹುಡುಕಿದೆ.

ನಮ್ಮೂರ ಟೀ ಅಂಗಡಿಯಲ್ಲಿ ನಮಗೆ ಬೇರೆ ಲೋಟ ಇತ್ತು. ಹೊರಗೆ ಗೂಡಿನಲ್ಲಿ ಇಟ್ಟಿರ್ತಿದ್ರು. ಅಪ್ಪ ಟೀ ಕುಡಿದು, ತಾನೇ ತೊಳೆದು, ಬೋರಲು ಹಾಕಿ ಬರ್ತಿದ್ದ. ನಾನು ಆರೇಳು ವರ್ಷದವಳಿದ್ದಾಗ ಕಲಿತ ಮರ್ಯಾದೆ ಅದು. ಐವತ್ತು ದಾಟಿದಮೇಲೂ, ಬೇರೆ ದೇಶದಲ್ಲೂ, ನನ್ನ ಕಾಲು ತಾನೇ ಎದ್ದುಬಿಟ್ಟಿತು. ಆಯಮ್ಮ ಅರ್ಥವಾಗದೆ ನನ್ನ ಕೈಯಿಂದ ಲೋಟ ತಗೊಂಡು, ಹಾಗೇ ಬಿಯರ್ ಬಗ್ಗಿಸಿ ಐಸ್ ಹುಡುಗನಿಗೆ ಕೊಟ್ಟರು. ಅವನು ನನ್ನ ತುಟಿ ತಾಗಿದ ಲೋಟವನ್ನ ನೋಡಲೂ ಇಲ್ಲ, ಗಟಗಟ ಕುಡಿದ. ನಾನು ಕತ್ತಲೆ ಕಡೆ ಮುಖ ಮಾಡಿ ಕೂತೆ.

ಆರೋಗ್ಯದ ಕಾರಣಕ್ಕೆ ಒಂದೇ ಲೋಟ ಬೇಡ ಅನ್ನಿಸಿದರೆ ಅದೂ ತಪ್ಪಲ್ಲ. ನಗುತ್ತಾ ತುಟಿಗೆ ತಾಗಿಸಿದಂತೆ ಮಾಡಿ ವಾಪಸ್ ಕೊಡಿ, ಯಾರೂ ಬೇಜಾರಾಗಲ್ಲ.

ಇನ್ನೊಂದು ದಿನ "ಬಾಸಿ" ಮಾಡಿದರು. ಮದುವೆ, ಬಾಣಂತನ, ಪ್ರಯಾಣ, ಹೊಸಬರು ಬಂದದ್ದು, ಎಲ್ಲಕ್ಕೂ ಮಾಡ್ತಾರೆ. ಮನುಷ್ಯನ ಮೈಯಲ್ಲಿ 32 "ಖ್ವಾನ್" ಅಂದರೆ ಚೈತನ್ಯಗಳು ಇವೆ, ಅವು ಅಲೆದು ಹೋಗಿದ್ದರೆ ವಾಪಸ್ ಕರೆದು ಮೈಗೆ ಕಟ್ಟಬೇಕು ಅನ್ನೋ ನಂಬಿಕೆ. ಬಾಳೆಲೆ, ಹೂವಿನ ಗೋಪುರ ಮಾಡಿ ಮಧ್ಯೆ ಇಡ್ತಾರೆ. ಹಿರಿಯರೊಬ್ಬರು ಹಾರೈಕೆ ಹೇಳಿದಮೇಲೆ ಒಬ್ಬೊಬ್ಬರೇ ಬಂದು ನಿಮ್ಮ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ ಹರಸ್ತಾರೆ. ಕೈ ನಿಲುಕದವರು ಮುಂದಿನವರ ಭುಜವನ್ನೋ ಮೊಣಕೈಯನ್ನೋ ಮುಟ್ಟಿಕೊಂಡು ಕೂರ್ತಾರೆ. ಹಾಗೆ ಇಡೀ ಕೋಣೆಯೇ ಒಬ್ಬರನ್ನೊಬ್ಬರು ಮುಟ್ಟಿಕೊಂಡಿರುತ್ತೆ. ದಾರವನ್ನ ಕನಿಷ್ಠ ಮೂರು ದಿನ ಬಿಚ್ಚಬೇಡಿ, ಆಮೇಲೂ ಕತ್ತರಿಸಬೇಡಿ, ಗಂಟು ಬಿಡಿಸಿ ತೆಗೀರಿ. ನಾನು ಚೈತನ್ಯ ಗಿತನ್ಯ ನಂಬೋಳಲ್ಲ. ಆದರೆ ದಾರ ಅಂದರೆ ಹುಟ್ಟಿನಿಂದ ಮೇಲು ಅಂತ ಎದೆ ಮೇಲೆ ಹಾಕಿಕೊಳ್ಳೋ ದಾರವನ್ನಷ್ಟೇ ನೋಡಿದ್ದ ನನಗೆ, ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಟ್ಟೋ ದಾರ ಕಂಡು ಒಂಥರಾ ಆಯ್ತು. ನಮ್ಮಲ್ಲಿ ಕೆಲವರು "ಬುದ್ಧ ಇದನ್ನೆಲ್ಲ ಹೇಳಿಲ್ಲ, ಇದು ಮೂಢನಂಬಿಕೆ" ಅಂತ ಅಲ್ಲೇ ಭಾಷಣ ಶುರು ಮಾಡ್ತೀರಿ ಅಂತ ಗೊತ್ತು. ದಯವಿಟ್ಟು ಬೇಡ. ಅತಿಥಿಯಾಗಿ ಹೋದವರು ಮೊದಲ ದಿನವೇ ಗುರು ಆಗಬಾರದು.

ಗುರು ಅಂದಾಗ ನೆನಪಾಯ್ತು. ನಮ್ಮ ದೇಶದ ಪ್ರವಾಸಿಗರ ಒಂದು ಗುಂಪು ದಕ್ಷಿಣದ ಚಂಪಾಸಕ್‌ನ ವಾಟ್ ಫೂ ಹತ್ತಿರ ಸಿಕ್ಕಿತ್ತು. ಅದು ಹಳೇ ಶಿವಾಲಯ, ಈಗ ಬುದ್ಧನ ತಾಣ. "ಇದೆಲ್ಲ ನಮ್ಮದೇ, ಇವರಿಗೆ ಸಂಸ್ಕೃತಿ ಕೊಟ್ಟಿದ್ದೇ ನಾವು" ಅಂತ ಗೈಡ್ ಎದುರೇ ಜೋರಾಗಿ ಹೇಳ್ತಿದ್ರು. ಆ ಗೈಡ್ ನಕ್ಕು ಸುಮ್ಮನಾದ. ಪಾದ ಚಾಚೋದಕ್ಕಿಂತ ದೊಡ್ಡ ಅಸಭ್ಯತೆ ಅದು.

ಇಷ್ಟು ಓದಿ ಲಾವೋಸ್ ಅಂದರೆ ಸಮಾನತೆಯ ಸ್ವರ್ಗ ಅಂದುಕೋಬೇಡಿ. ನನ್ನ ಎರಡು ಪ್ರಶ್ನೆಗೆ ಅಲ್ಲೂ ಸೋಲುವ ನಿಯಮಗಳಿವೆ.

ಒಂದು, ಹೆಣ್ಣಿನದು. ಹೆಂಗಸರು ಭಿಕ್ಕುವನ್ನ ಮುಟ್ಟುವಂತಿಲ್ಲ, ಪಕ್ಕದಲ್ಲಿ ಕೂರುವಂತಿಲ್ಲ, ವಸ್ತುವನ್ನ ನೇರ ಕೈಗೆ ಕೊಡುವಂತಿಲ್ಲ. ಒಮ್ಮೆ ಶೇರ್ ಟೆಂಪೋದಲ್ಲಿ ಹದಿನೈದರ ಸಾಮಣೇರ ಹುಡುಗ ಹತ್ತಿದ. ಎಲ್ಲರೂ ನನಗೆ ಸರಿಯೋಕೆ ಸನ್ನೆ ಮಾಡಿದರು. "ಸರಿ ಆಚೆ" ಅನ್ನೋದು ನಮಗೆ ಹೊಸ ಮಾತಲ್ಲವಲ್ಲ, ಮುಖ ಕೆಂಪಾಯ್ತು. ಜೊತೆಗಿದ್ದವಳು ಆಮೇಲೆ ಹೇಳಿದಳು, ಇದು ಅವನ ವ್ರತ, ನಿನ್ನ ಮೈಲಿಗೆ ಅಲ್ಲ ಅಂತ. ಒಪ್ಪಿದೆ. ಅವನು ನಾಳೆ ಚೀವರ ಬಿಟ್ಟು ಸಂಸಾರಿಯಾಗಬಹುದು, ಎಷ್ಟೋ ಹುಡುಗರು ಓದಿಗಾಗಿ ಸಂಘ ಸೇರಿ ಆಮೇಲೆ ಮನೆಗೆ ಹೋಗ್ತಾರೆ. ಆದರೆ ವ್ರತ ಅವನದಾದರೂ ಸರಿದದ್ದು ನಾನೇ ತಾನೆ? ಬುದ್ಧ ಕಟ್ಟಿದ ಭಿಕ್ಕುಣಿ ಸಂಘ ಅಲ್ಲಿ ಇಲ್ಲ. ಬಿಳಿ ಬಟ್ಟೆಯ "ಮೇ ಖಾವ್" ಹೆಂಗಸರಿದ್ದಾರೆ, ಅವರಿಗೆ ಭಿಕ್ಕುಣಿಯ ಸ್ಥಾನ ಇಲ್ಲ. ನಮ್ಮ ಹೆಣ್ಣುಮಕ್ಕಳಿಗೆ ನಾನು ಹೇಳೋದು: ಅಲ್ಲಿರುವಾಗ ನಿಯಮ ಪಾಲಿಸಿ, ಯಾಕಂದ್ರೆ ತಪ್ಪಿದರೆ ತೊಂದರೆ ಆ ಹುಡುಗನಿಗೆ. ಒಪ್ಪಲೇಬೇಕು ಅಂತೇನಿಲ್ಲ. ಲುವಾಂಗ್ ಪ್ರಬಾಂಗ್‌ನಲ್ಲಿ ಬೆಳಗ್ಗೆ "ತಾಕ್ ಬಾತ್" ಭಿಕ್ಷೆ ನೋಡೋಕೆ ಹೋದಾಗಲೂ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ, ದೂರದಲ್ಲಿ ಸುಮ್ಮನೆ ನಿಲ್ಲಿ, ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಎರಡು, "ಖಾ" ಅನ್ನೋ ಪದ. ಬೆಟ್ಟಗಳ ಖ್ಮು ಮೊದಲಾದ ಮೂಲ ಜನರನ್ನ ಬಯಲಿನ ಲಾವೋಗಳು ಹಿಂದೆ ಹೀಗೆ ಕರೀತಿದ್ರು. ಆಳು, ಜೀತದಾಳು ಅಂತ ಅರ್ಥ. ಅಲ್ಲೂ ಒಂದು ಪುರುಷಸೂಕ್ತ ಇದೆ! ಖುನ್ ಬೊರೋಮ್ ಪುರಾಣದಲ್ಲಿ ಎಲ್ಲ ಮನುಷ್ಯರೂ ಸೋರೆಕಾಯಿಯಿಂದ ಹುಟ್ತಾರೆ. ಕಾದ ಕಬ್ಬಿಣದಿಂದ ಸುಟ್ಟ ತೂತಿನಲ್ಲಿ ಮೊದಲು ಬಂದವರು ಕಪ್ಪಾದರು, ಅವರೇ ಖಾ. ಉಳಿಯಿಂದ ಕೊರೆದ ತೂತಿನಲ್ಲಿ ಬಂದವರು ಬೆಳ್ಳಗಾದರು, ಅವರು ಲಾವೋ. ಬಣ್ಣಕ್ಕೂ ದುಡಿಮೆಗೂ ಕತೆ ಕಟ್ಟೋದರಲ್ಲಿ ಮೇಲಿನವರೆಲ್ಲ ಒಂದೇ ಶಾಲೆಯಲ್ಲಿ ಓದಿದ್ದಾರೆ. ಇವತ್ತು ಆ ಪದ ಬೈಗುಳ. ಅಪ್ಪಿತಪ್ಪಿಯೂ ಬಳಸಬೇಡಿ, ಜನರ ಹೆಸರನ್ನ ಅವರು ಹೇಳಿಕೊಳ್ಳುವಂತೆಯೇ ಹೇಳಿ. 1975ರಲ್ಲಿ ರಾಜಶಾಹಿ ಹೋದಮೇಲೆ ಹೊಸ ಸರ್ಕಾರ ದೊಡ್ಡವರ ಮುಂದೆ ತನ್ನನ್ನೇ ಆಳು ಅಂದುಕೊಳ್ಳುವ ಹಳೇ ವಿನಯದ ಮಾತುಗಳನ್ನ ದೂರ ಇಟ್ಟಿತು. "ಸಹಾಯ್", ಅಂದರೆ ಸಂಗಾತಿ ಅನ್ನೋ ಪದ ಮುಂದೆ ಬಂತು. ಮಾತು ಬದಲಾದಷ್ಟು ಬೇಗ ಬದುಕು ಬದಲಾಗಲ್ಲ ಅನ್ನೋದು ಬೆಟ್ಟದ ಹಳ್ಳಿಗಳಿಗೆ ಹೋದರೆ ಗೊತ್ತಾಗುತ್ತೆ. ಅಲ್ಲಿಗೆ ಹೋದಾಗ ಊರ ಬಾಗಿಲು, ದೈವದ ಕಂಬ ಮುಟ್ಟಬೇಡಿ. ಬಿದಿರು ಹೆಣೆದ ನಕ್ಷತ್ರದ ಗುರುತು ನೇತಾಡ್ತಿದ್ದರೆ ಹೊರಗಿನವರಿಗೆ ಪ್ರವೇಶ ಇಲ್ಲ ಅಂತ. ಕೇಳದೆ ಫೋಟೋ ತೆಗೀಬೇಡಿ. ನಮ್ಮ ಕೇರಿಗೆ ಬಂದು ನಮ್ಮ ಮಕ್ಕಳ ಬರಿಮೈ ಫೋಟೋ ತೆಗೆದುಕೊಂಡು ಹೋದವರನ್ನ ನಾವು ಕಂಡಿಲ್ವಾ?

ಕೊನೆಯದು, ದನಿ. ಲಾವೋಗಳು ಮೆತ್ತಗೆ ಮಾತಾಡ್ತಾರೆ. ಎಲ್ಲರೆದುರು ಕೂಗಾಡಿದರೆ ಕೂಗಿದವರದ್ದೂ ಕೇಳಿದವರದ್ದೂ "ಮುಖ ಹೋಯ್ತು" ಅಂತ ಲೆಕ್ಕ. ಟಿಕೆಟ್ ಜಗಳವಾದರೂ ನಗುತ್ತಾ ಬಗೆಹರಿಸಿ. ಆದರೆ ಎಲ್ಲ ಮೌನವನ್ನೂ ಸಂಸ್ಕಾರ ಅಂತ ಓದಬೇಡಿ. ಅದು ಏಕಪಕ್ಷದ ಆಡಳಿತ ಇರುವ ದೇಶ. ಹಳ್ಳಿಗರ ನಡುವೆ ಜೀವನಪೂರ್ತಿ ದುಡಿದು 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಸೊಂಬತ್ ಸೊಂಫೋನ್ ಅವರನ್ನ 2012ರ ಡಿಸೆಂಬರ್ 15ರ ಸಂಜೆ ವಿಯೆಂಟಿಯಾನ್‌ನಲ್ಲಿ ಪೊಲೀಸ್ ಚೌಕಿ ಬಳಿ ತಡೆದು ಬೇರೆ ವಾಹನದಲ್ಲಿ ಕರೆದೊಯ್ದದ್ದು ಸಿಸಿಟಿವಿಯಲ್ಲಿ ದಾಖಲಾಗಿದೆ. ಇವತ್ತಿಗೂ ಅವರ ಸುಳಿವಿಲ್ಲ. ಹಾಗಾಗಿ ನಿಮ್ಮ ಆತಿಥೇಯರನ್ನ ಸರ್ಕಾರದ ಬಗ್ಗೆ ಕೆದಕಿ ಕೇಳಬೇಡಿ, ಅವರ ಮಾತನ್ನ ಫೋನಲ್ಲಿ ಹಿಡಿದು ಲೈವ್ ಬಿಡಬೇಡಿ. ನೀವು ವಿಮಾನ ಹತ್ತಿ ಬರ್ತೀರಿ, ಅವರು ಅಲ್ಲೇ ಇರಬೇಕು. ದನಿ ತಗ್ಗಿಸಿ ಅಂತ ನಮಗೂ ಹೇಳಿದವರಿದ್ದರು. ಆ ತಗ್ಗಿದ ದನಿಯಲ್ಲಿ ಎಷ್ಟು ವಿನಯ, ಎಷ್ಟು ಹೆದರಿಕೆ ಇತ್ತು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಷ್ಟೇ ನನ್ನ ಪಟ್ಟಿ. ಹಿರಿಯರಿಗೆ ಬಗ್ಗೋದು, ಚಪ್ಪಲಿ ಬಿಡೋದು, ತುತ್ತಿಗೆ ಕಾಯೋದು, ಇವು ಯಾವುದೂ ನಮ್ಮ ಸ್ವಾಭಿಮಾನ ಕಳೆಯಲ್ಲ, ಯಾಕಂದ್ರೆ ಅಲ್ಲಿ ಎಲ್ಲರೂ ಮಾಡ್ತಾರೆ. ಒಬ್ಬರಷ್ಟೇ ಮಾಡಬೇಕು, ಹುಟ್ಟಿದ ತಪ್ಪಿಗೆ ಸಾಯೋವರೆಗೂ ಮಾಡಬೇಕು ಅನ್ನೋದನ್ನ ಯಾವ ದೇಶದಲ್ಲೂ ಸಭ್ಯತೆ ಅಂತ ಒಪ್ಪಬೇಡಿ. ಇಲ್ಲಿಯಂತೂ ಒಪ್ಪಲೇಬೇಡಿ. ಮೊನ್ನೆ ತಾಲ್ಲೂಕಿನ ಹೋಟೆಲೊಂದರಲ್ಲಿ ಈಗ ಜಾತಿ ಎಲ್ಲಿದೆ ಮೇಡಂ ಅಂದ ಮಾಲೀಕ. ಅವನ ಕೌಂಟರ್ ಮೇಲೆ ಸ್ಟೀಲ್ ಲೋಟವೂ ಇತ್ತು, ಪೇಪರ್ ಕಪ್ಪೂ ಇತ್ತು. ಅರ್ಧ ಗಂಟೆ ಕೂತು ನೋಡಿದೆ, ಯಾರಿಗೆ ಯಾವುದು ಹೋಗುತ್ತೆ ಅಂತ.

ಹೋಗಿ ಬನ್ನಿ. ಕೈಗೆ ಕಟ್ಟಿದ ದಾರ ಇಟ್ಟುಕೊಂಡೇ ಬನ್ನಿ. ಬಂದಮೇಲೆ ಎಲ್ಲರೂ ಸೇರಿ ಆ ಹೋಟೆಲಿಗೇ ಹೋಗಿ ಕೂರೋಣ. ಸ್ಟೀಲ್ ಲೋಟದಲ್ಲೇ ಟೀ ಕೇಳೋಣ. ಕುಡಿದ ಲೋಟವನ್ನ ಟೇಬಲ್ ಮೇಲೇ ಬಿಟ್ಟು ಬರೋಣ.

ಜೈಭೀಮ್.